ಭಾನುವಾರ ಮಧ್ಯಾಹ್ನ ಎರಡು ಹತ್ತು

“ಸ್ಕ್ರೂ ತಿರುಗಿಸೋಕೆ ಬಂದ ಮಾತ್ರಕ್ಕೆ ಇಂಜಿನಿಯರ್ ಆಗ್ಬಿಟ್ಟ ಸಾರ್ ಇವನು. ಏಳನೇ ಕ್ಲಾಸಿಗೇ ಶಾಲೆಗೆ ಕೈ ಮುಗಿದೋನು. ಹೆಣದ ಕೋಣೆಗೆ ಇಂಥೋನು ಹೆಣವಾಗಿ ಬರಬೇಕಿತ್ತು, ರಿಪೇರಿಗಲ್ಲ.”

ಸೋಮವಾರ ಬೆಳಿಗ್ಗೆ 9.40. ಠಾಣೆಯಲ್ಲಿ ಏಳು ಜನ ಇದ್ದರು. ಹೇಳಿದವನು ಆಸ್ಪತ್ರೆಯ ಶವಾಗಾರದ ಗುಮಾಸ್ತ. ಹೇಳಿಸಿಕೊಂಡವನು ಎದುರು ಬೀದಿಯ ಕಂಪ್ಯೂಟರ್ ರಿಪೇರಿಯವನು. ಇಬ್ಬರು ಪೇದೆಗಳು ಕಿಸಕ್ಕನೆ ನಕ್ಕರು. ರಿಪೇರಿಯವನು ಹೆಗಲ ಚೀಲ ಇಳಿಸಿ ನೆಲದ ಮೇಲಿಟ್ಟ.

ದೂರು ಇಷ್ಟು. ಶವಾಗಾರದ ಕಂಪ್ಯೂಟರ್ ಬೆಳಿಗ್ಗೆ ಶುರುವಾಗಿಲ್ಲ. ಗುರುತು ಸಿಗದೆ ಮಣ್ಣಾದ ನಲವತ್ತೊಂದು ಜನರ ಮುಖದ ಚಿತ್ರಗಳು ಅದರಲ್ಲೇ ಇವೆ. ಶನಿವಾರ ಅದನ್ನು ಕೊನೆಗೆ ಮುಟ್ಟಿದವನು ರಿಪೇರಿಯವನು.

“ಚಿತ್ರಗಳ ಪ್ರತಿ?” ಇನ್ಸ್‌ಪೆಕ್ಟರ್ ಕೇಳಿದರು.

“ಮಾಡಿಸಬೇಕು ಅಂತಿದ್ವಿ ಸಾರ್.”

“ಎಷ್ಟು ದಿನದಿಂದ?”

ಗುಮಾಸ್ತ ದೂರಿನ ಕೆಳಗೆ ಸಹಿ ಹಾಕಿದ. ಬೇರೆಯವರ ಕುತ್ತಿಗೆಗೆ ಬೀಳುವ ಸಹಿ ಅದು. ಸರ್ಕಾರಿ ಸ್ವತ್ತಿಗೆ ಹಾನಿ, ಸಾಕ್ಷ್ಯ ನಾಶ ಎಂದು 10.05ಕ್ಕೆ ಎಫ್‌ಐಆರ್ ದಾಖಲಾಯಿತು. ಸಂಜೆಯೊಳಗೆ ಬೇರೆ ಹೆಸರು ಸಿಗದಿದ್ದರೆ ರಿಪೇರಿಯವನು ಲಾಕಪ್ಪಿಗೆ ಹೋಗುತ್ತಾನೆ ಎಂಬುದು ಎಲ್ಲರಿಗೂ ಗೊತ್ತಿತ್ತು, ಅವನಿಗೂ.

10.30ಕ್ಕೆ ಶವಾಗಾರ. ಆಸ್ಪತ್ರೆಯ ಹಿಂದೆ, ಅರ್ಧ ನೆಲದೊಳಗೆ ಇಳಿದ ಉದ್ದನೆಯ ಕೋಣೆ. ಒಂದು ಗೋಡೆಗೆ ಹೆಣ ಇಡುವ ಆರು ತಣ್ಣನೆ ಖಾನೆಗಳು. ನಡುವೆ ಹೆಣ ತೊಳೆಯುವ ಬಿಳಿ ಕಲ್ಲಿನ ಮೇಜು. ಮೂಲೆಯಲ್ಲಿ ಕಂಪ್ಯೂಟರ್. ಪರದೆ ಕಪ್ಪಗಿತ್ತು, ಮೇಲ್ಗಡೆ ಬಿಳಿಯ ಒಂದೇ ಸಾಲು: ಶುರುವಾಗಲು ಡಿಸ್ಕ್ ಸಿಗುತ್ತಿಲ್ಲ. ಡಬ್ಬಿಯೊಳಗಿಂದ ಸದ್ದು ಬರುತ್ತಿತ್ತು. ಟಕ್, ಟಕ್, ಟಕ್. ಸ್ವಲ್ಪ ಬಿಡುವು. ಮತ್ತೆ ಟಕ್, ಟಕ್, ಟಕ್.

“ಒಳಗಿಂದ ಯಾರೋ ಬಾಗಿಲು ತಟ್ಟಿದ ಹಾಗಿದೆ,” ಎಂದರು ಹೆಡ್ ಕಾನ್‌ಸ್ಟೇಬಲ್.

ಬಾಗಿಲ ಪಕ್ಕದ ಬೆಂಚಿನಲ್ಲಿ ಒಬ್ಬ ಹೆಂಗಸು ಕೂತಿದ್ದಳು. ಶವಾಗಾರದ ಕಾವಲುಗಾರನ ಸೊಸೆ. ಅವಳ ಗಂಡ ಕಾಣೆಯಾಗಿ ಆರೂವರೆ ತಿಂಗಳು. ಗುರುತು ಸಿಗದವರ ಚಿತ್ರ ನೋಡಲು ಈ ಸೋಮವಾರ ಬಾ ಎಂದು ಅವಳಿಗೆ ಠಾಣೆಯವರೇ ಚೀಟಿ ಕೊಟ್ಟಿದ್ದರು.

“ಚಿತ್ರ ಬರುತ್ತಾ?” ಎಂದಳು.

“ನೋಡೋಣಮ್ಮ,” ಎಂದ ಇನ್ಸ್‌ಪೆಕ್ಟರ್ ರಿಪೇರಿಯವನತ್ತ ತಿರುಗಿದರು. “ಶನಿವಾರ ಏನು ಮಾಡಿದೆ?”

“ಫ್ಯಾನಿನ ಧೂಳು ತೆಗೆದೆ.”

“ಡಿಸ್ಕ್ ಮುಟ್ಟಿದೆಯಾ?”

“ಇಲ್ಲ.”

“ಹೇಗೆ ನಂಬಲಿ?”

“ನಂಬಬೇಡಿ. ಡಬ್ಬಿ ಬಿಚ್ತೀನಿ, ಎದುರಿಗೇ ನಿಂತು ನೋಡಿ.”

ಸಾಕ್ಷಿಗೆ ಇಬ್ಬರು ಪಂಚರನ್ನು ನಿಲ್ಲಿಸಿಕೊಂಡು ಬಿಚ್ಚಿಸಿದರು. ಅವನು ಮೊದಲು ಡಿಸ್ಕಿನ ಕೇಬಲ್ ಬದಲಿಸಿದ. ಸದ್ದು ನಿಲ್ಲಲಿಲ್ಲ. ಕರೆಂಟಿನ ವೈರು ಬದಲಿಸಿದ. ನಿಲ್ಲಲಿಲ್ಲ. “ಹೊರಗಿನ ದೋಷ ಅಲ್ಲ, ಡಿಸ್ಕಿಗೇ ಪೆಟ್ಟಾಗಿದೆ,” ಎಂದು ಅದನ್ನು ಹೊರಗೆಳೆದ. ಒಂದು ಮೂಲೆ ಚಪ್ಪಟೆಯಾಗಿತ್ತು. ತಗ್ಗಿನಲ್ಲಿ ಬಿಳಿ ಪುಡಿ.

ಇನ್ಸ್‌ಪೆಕ್ಟರ್ ಕಲ್ಲಿನ ಮೇಜಿನ ಅಂಚನ್ನು ಬೆರಳಿನಿಂದ ತಡವುತ್ತಾ ಒಂದು ಸುತ್ತು ಬಂದರು. ಒಂದು ಕಡೆ ಕಾವಲುಗಾರ ಒರಗಿ ನಿಂತಿದ್ದ. ಅರವತ್ತರ ಆಸುಪಾಸು, ಇಸ್ತ್ರಿ ಮಾಡಿದ ಖಾಕಿ ಅಂಗಿ.

“ಸ್ವಲ್ಪ ಸರಿಯಿರಿ ಅಜ್ಜ.”

ಅವನು ಸರಿಯಲು ತಡ ಮಾಡಿದ. ಅವನ ಬೆನ್ನ ಹಿಂದೆ ಅಂಚು ಹೊಸದಾಗಿ ಚಕ್ಕೆ ಎದ್ದಿತ್ತು. ಪಂಚನಾಮೆಗೆ ಅದನ್ನೂ ಬರೆಸಿದರು. ಸಮಯ 11.15.

“ಭಾನುವಾರ ಕೀ ಯಾರ ಹತ್ರ?”

“ನನ್ನ ಹತ್ರ.”

“ಯಾರಾದ್ರೂ ಬಂದಿದ್ರಾ?”

“ಭಾನುವಾರ ಹೆಣಗಳೂ ಬರಲ್ಲ ಸಾರ್,” ಎಂದ ಕಾವಲುಗಾರ.

ಡಿಸ್ಕ್ ಬಿಸಿಯಾದಷ್ಟೂ ಬೇಗ ಸಾಯುತ್ತದೆ, ತಣ್ಣಗಿಟ್ಟರೆ ಕೆಲವೊಮ್ಮೆ ಹತ್ತು ನಿಮಿಷ ಉಸಿರು ಹಿಡಿಯುತ್ತದೆ ಎಂದ ರಿಪೇರಿಯವನು. ಪುಸ್ತಕದಲ್ಲಿ ಇಲ್ಲದ ವಿದ್ಯೆ, ಕೈ ಸುಟ್ಟುಕೊಂಡು ಕಲಿತದ್ದು. ತಣ್ಣನೆ ಜಾಗ ಅಲ್ಲಿ ಒಂದೇ. ಡಿಸ್ಕನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಪಂಚರ ಸಹಿ ಮಾಡಿಸಿ, ಖಾಲಿ ಇದ್ದ ನಾಲ್ಕನೇ ಖಾನೆಯಲ್ಲಿ, ಹೆಣ ಮಲಗಿಸುವ ಉದ್ದನೆ ತಟ್ಟೆಯ ನಟ್ಟನಡುವೆ ಇಟ್ಟು ಬಾಗಿಲು ಹಾಕಿದರು. ಒಂದು ಗಂಟೆ ಕಾದರು. ಕರೆಂಟಿಲ್ಲದ ಡಿಸ್ಕ್ ಸದ್ದು ಮಾಡುವುದಿಲ್ಲ. ಆದರೂ ಕಾವಲಿಗಿದ್ದ ಪೇದೆ ಎರಡು ಸಲ ಖಾನೆಯ ಬಾಗಿಲಿಗೆ ಕಿವಿಯಿಟ್ಟು, ಆಮೇಲೆ ಹೊರಗೆ ಬಿಸಿಲಿಗೆ ಹೋಗಿ ನಿಂತ.

12.25ಕ್ಕೆ ರಿಪೇರಿಯವನು ಅದನ್ನು ಅಂಗಡಿಯಿಂದ ತಂದಿದ್ದ ತನ್ನ ಕಂಪ್ಯೂಟರಿಗೆ ಎರಡನೇ ಡಿಸ್ಕಾಗಿ ಸೇರಿಸಿದ. ಟಕ್, ಟಕ್. ಆಮೇಲೆ ನುಣ್ಣನೆ ತಿರುಗುವ ಸದ್ದು.

“ಮೊದಲು ಯಾವಾಗ ಆನ್ ಆಫ್ ಆಯ್ತು, ಏನೇನು ತೆರೆದರು ಅನ್ನೋ ಪಟ್ಟಿ ತೆಗೀತೀನಿ. ನನ್ನ ಕುತ್ತಿಗೆ ಅದರಲ್ಲಿದೆ.”

ಪಟ್ಟಿ ಬಂತು. ಶನಿವಾರ 4.50ಕ್ಕೆ ಕ್ರಮವಾಗಿ ಆಫ್. ಭಾನುವಾರ ಮಧ್ಯಾಹ್ನ 2.10ಕ್ಕೆ ಆನ್. 2.31ಕ್ಕೆ ವೈರು ಕಿತ್ತಂತೆ ನಿಂತಿದೆ. ಇನ್ಸ್‌ಪೆಕ್ಟರ್ ಬಗ್ಗಿ ಪಟ್ಟಿಯನ್ನು ಹಿಂದಕ್ಕೆ ಓದಿದರು. ಅದಕ್ಕಿಂತ ಹಿಂದಿನ ಭಾನುವಾರ, 2.10. ಅದರ ಹಿಂದಿನದು, 2.10. ಒಟ್ಟು ಇಪ್ಪತ್ತೆಂಟು ಭಾನುವಾರ, ಒಂದನ್ನೂ ಬಿಡದೆ. ಪ್ರತಿ ಸಲ ತೆರೆದದ್ದು ಒಂದೇ ಚಿತ್ರ. ನಂಬರ್ ಹತ್ತೊಂಬತ್ತು.

ಗುಮಾಸ್ತ ತನ್ನ ಕುರ್ಚಿಯಿಂದ ಎದ್ದು ದೂರ ನಿಂತ. ವಾರಕ್ಕೆ ಆರು ದಿನ ಅವನು ಕೂರುತ್ತಿದ್ದ ಕುರ್ಚಿ ಅದು.

“ಹತ್ತೊಂಬತ್ತು ತೆಗಿ.”

ಚಿತ್ರ ಮೇಲಿನಿಂದ ಕೆಳಕ್ಕೆ ನಿಧಾನ ಇಳಿಯಿತು. ಒದ್ದೆ ಕೂದಲು. ಹಣೆ. ಹುಬ್ಬಿನ ಮೇಲೆ ಹಳೆ ಹೊಲಿಗೆಯ ಗುರುತು. ಮುಚ್ಚಿದ ಕಣ್ಣು. ಮೂಗಿನ ಕೆಳಗೆ ಬರುವಷ್ಟರಲ್ಲಿ ಡಿಸ್ಕ್ ಒಮ್ಮೆ ಬಡಿದು ಸುಮ್ಮನಾಯಿತು. ಉಳಿದದ್ದು ಬೂದುಬಣ್ಣ.

ಸೊಸೆ ಯಾವಾಗ ಎದ್ದು ಬಂದಳೋ ಯಾರಿಗೂ ಗೊತ್ತಾಗಲಿಲ್ಲ.

“ಆ ಹುಬ್ಬಿನ ಮೇಲಿನ ಹೊಲಿಗೆ ಹಾಕಿಸ್ಕೊಂಡು ಬಂದಿದ್ದು ನಾನೇ,” ಎಂದಳು. ಅಳಲಿಲ್ಲ. ತಿರುಗಿ ಕಾವಲುಗಾರನನ್ನು ನೋಡಿದಳು. “ಮಾವ, ಇಲ್ಲಿಗೆ ಬಂದವರ ಮುಖ ತೊಳೆಯೋದು ನೀವೇ ಅಲ್ವಾ?”

“ಹೂಂ.”

“ಇವರದ್ದೂ?”

“ತೊಳೆದೆ ಕಣಮ್ಮ.”

“ನಿನ್ನೆ ಡಿಸ್ಕ್ ತೆಗೆದು ಕಲ್ಲಿಗೆ ಹೊಡೆದದ್ದೂ ನೀವೇ?” ಇನ್ಸ್‌ಪೆಕ್ಟರ್ ದನಿ ತಗ್ಗಿತ್ತು.

“ಅವಳು ಚೀಟಿ ತೋರಿಸಿದ್ಲು ಸಾರ್, ಶನಿವಾರ, ಊಟಕ್ಕೆ ಕೂತಾಗ.”

ಕಾವಲುಗಾರನ ಹೇಳಿಕೆ ಮುಗಿಯುವಾಗ 2.50. ರಸ್ತೆಯಲ್ಲಿ ಯಾವುದೋ ಗಾಡಿ ಹೊಡೆದು ಬಿಟ್ಟುಹೋದ ದೇಹ ಬಂದ ದಿನವೇ ಅವನಿಗೆ ಮಗನ ಗುರುತು ಹತ್ತಿತ್ತು. ಬಾಯಿ ಬಿಡಲಿಲ್ಲ. ಗುರುತಿಗೆ ಕಾಯುವ ಏಳು ದಿನದ ಅವಧಿ ಮುಗಿದ ಮೇಲೆ, ವಾರಸುದಾರರಿಲ್ಲ ಎಂಬ ಕಾಗದಕ್ಕೆ ಸಾಕ್ಷಿ ಸಹಿ ತಾನೇ ಹಾಕಿ, ಗುಂಡಿಯವರೆಗೂ ಹೋಗಿ ಬಂದಿದ್ದ. ಮನೆಯಲ್ಲಿ ಹೆಂಡತಿ ಹಾಸಿಗೆ ಹಿಡಿದಿದ್ದಳು.

“ಬೆಳಿಗ್ಗೆ ಎದ್ದ ತಕ್ಷಣ ಕೇಳ್ತಾಳೆ, ಇವತ್ತು ಬರ್ತಾನಾ ಅಂತ. ಬರ್ತಾನೆ ಅಂದ್ರೆ ಎದ್ದು ಕೂತು ಎರಡು ತುತ್ತು ತಿಂತಾಳೆ. ಸುಮ್ಮನಿದ್ರೆ ಗೋಡೆ ಕಡೆ ತಿರುಗಿ ಮಲಗ್ತಾಳೆ. ಅಷ್ಟೇ ಸಾರ್.”

“ಭಾನುವಾರ ಬಂದು ನೋಡ್ತಿದ್ದದ್ದು ಯಾಕೆ?”

“ಬರ್ತಾನೆ ಅಂತ ಹೇಳೀ ಹೇಳೀ, ನನಗೂ ಹಾಗೇ ಅನ್ನಿಸೋಕೆ ಶುರುವಾಗಿತ್ತು.”

3.15ಕ್ಕೆ ಬಂಧನ. ಡಿಸ್ಕಿಗೆ ಅರಗಿನ ಮುದ್ರೆ ಬಿತ್ತು. ಶಂಕಿತರ ಪಟ್ಟಿಯಲ್ಲಿದ್ದ ರಿಪೇರಿಯವನ ಹೆಸರನ್ನು ಇನ್ಸ್‌ಪೆಕ್ಟರ್ ತಾವೇ ಗೆರೆ ಎಳೆದು ಹೊಡೆದುಹಾಕಿದರು. ಗುಮಾಸ್ತ ಪಕ್ಕದಲ್ಲಿ ನಿಂತು ಒಂದೇ ಸಮನೆ ಕನ್ನಡಕ ಒರೆಸುತ್ತಿದ್ದ.

ಶವಾಗಾರದ ಬಾಗಿಲ ಬಳಿ ರಿಪೇರಿಯವನು ಚೀಲಕ್ಕೆ ಸಾಮಾನು ತುಂಬುತ್ತಿದ್ದ. ಕಾವಲುಗಾರನನ್ನು ಕರೆತರುತ್ತಿದ್ದ ಪೇದೆಗಳು ಅವನನ್ನು ದಾಟುವಾಗ ಮುದುಕ ನಿಂತ. ಮೂರು ಹೆಜ್ಜೆ ಹಿಂದೆ ಸೊಸೆಯೂ ನಿಂತಳು.

“ತಮ್ಮಾ, ನಿನ್ನ ಮೇಲೆ ಬಂದಿದ್ದು ತಪ್ಪಾಯ್ತು. ಒಂದು ಮಾತು ಕೇಳ್ಲಾ?” ದನಿ ಇಳಿಸಿದ. “ನಿನ್ನ ಕಂಪ್ಯೂಟರಿಗೆ ಬಂತಲ್ಲ, ಆ ಅರ್ಧ ಮುಖ. ಅದನ್ನ ಮತ್ತೆ ಕೆಡಿಸೋಕೆ ಆಗುತ್ತಾ? ಮನೇಲಿರೋಳು ನೋಡಬಾರದು. ನಿನಗೆ ಗೊತ್ತಿರುತ್ತೆ.”

ರಿಪೇರಿಯವನು ಸೊಸೆಯತ್ತ ನೋಡಿದ. ಅವಳು ಬೇಡವೆನ್ನಲಿಲ್ಲ, ಹೂಂ ಎನ್ನಲಿಲ್ಲ. ಚೀಲ ಹೆಗಲಿಗೇರಿಸಿ, ಮೆಟ್ಟಿಲು ಹತ್ತಿ, ಬಿಸಿಲಿನ ಬೀದಿಗೆ ಬಿದ್ದು ನಡೆದ.