ಹುಬ್ಬುಗಳ ನಡುವಿನ ಹೆಸರು

ಅಪ್ಪ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಎದ್ದೇಬಿಟ್ಟ! ಊಟ ಅರ್ಧಕ್ಕೇ ನಿಂತಿತು. ಕುರ್ಚಿ ಹಿಂದಕ್ಕೆ ಬಿದ್ದ ಸದ್ದಿಗೆ ಅಮ್ಮನೂ ಮಗಳೂ ಬೆಚ್ಚಿಬಿದ್ದರು. ಬೀಳಿಸಿದವನಿಗೆ ಮಾತ್ರ ಅದು ಕೇಳಿಸಲಿಲ್ಲ. ತೊಟ್ಟಿಲಲ್ಲಿದ್ದಾಗ ಬಂದ ಜ್ವರವೊಂದು ಅವನ ಕಿವಿಗಳನ್ನು ಕಸಿದುಕೊಂಡು ಹೋಗಿತ್ತು. ಅಂದಿನಿಂದ ಅವನು ಮಾತಾಡಿದ್ದೆಲ್ಲ ಕೈಯಲ್ಲಿ, ಕೇಳಿದ್ದೆಲ್ಲ ಕಣ್ಣಲ್ಲಿ. ಕುರ್ಚಿ ಮೇಜುಗಳನ್ನು ಮಾಡಿ ಮಾಡಿ ಜಡ್ಡುಗಟ್ಟಿದ ಆ ಕೈಗಳು ಈಗ ಮೇಲೆದ್ದವು.

'ಎಷ್ಟು ದಿನದಿಂದ ನೋಡ್ತಾ ಇದ್ದೀನಿ,' ಎಂದವು ಕೈಗಳು. 'ನನ್ನಿಂದ ಏನು ತಪ್ಪಾಯ್ತು? ಸಿಟ್ಟಿದ್ದರೆ ಬೈದುಬಿಡು. ಹೀಗೆ ಬಾಗಿಲು ಹಾಕ್ಕೊಂಡು ಒಳಗಿನಿಂದ ಮಾತಾಡಬೇಡ!'

'ನಿಮ್ಮ ಮೇಲೆ ನನಗ್ಯಾಕೆ ಸಿಟ್ಟು?' ಅಮ್ಮನ ಕೈಗಳು ಅವಸರ ಅವಸರವಾಗಿ ಉತ್ತರಿಸಿದವು. ಅವಳ ಎದೆ ಒಡೆದುಹೋಗುತ್ತಿತ್ತು, ಕಣ್ಣು ತುಂಬಿತ್ತು... ಆದರೆ ಹಣೆ? ಹಣೆ ಇಸ್ತ್ರಿ ಮಾಡಿದ ದಿಂಬಿನ ಚೀಲದಂತೆ ನುಣ್ಣಗಿತ್ತು. ಹುಬ್ಬುಗಳು ಏಳಲಿಲ್ಲ, ಕೂಡಲಿಲ್ಲ, ಕೇಳಲಿಲ್ಲ, ಬೇಡಲಿಲ್ಲ.

ಅಪ್ಪ ಅವಳನ್ನು ಹೆಸರು ಹಿಡಿದು ಕರೆಯಲು ಕೈ ಎತ್ತಿದ. ಎತ್ತಿದ ಕೈ ಅರ್ಧದಲ್ಲೇ ನಿಂತಿತು. ಕಿವಿ ಕೇಳದವರ ಬಳಗದಲ್ಲಿ ಒಂದು ಪದ್ಧತಿಯುಂಟು. ಹುಟ್ಟಿದಾಗ ಇಟ್ಟ ಹೆಸರನ್ನು ಯಾರು ತಾನೇ ಪ್ರತಿಸಲ ಒಂದೊಂದೇ ಅಕ್ಷರ ಮಾಡಿ ತೋರಿಸುತ್ತಾರೆ? ಆಸಾಮಿಯಲ್ಲಿ ಎದ್ದು ಕಾಣುವ ಗುರುತೊಂದನ್ನು ಹಿಡಿದು, ಅದನ್ನೇ ಕೈಯ ಹೆಸರಾಗಿಸಿಬಿಡುತ್ತಾರೆ. ಹೆಸರು ಕೊಡುವ ಹಕ್ಕು ಕಿವಿ ಕೇಳದವರದ್ದೇ. ಪಡೆದವರು ಬದಲಿಸುವ ಹಾಗಿಲ್ಲ. ಮಗಳ ಕೆನ್ನೆಯಲ್ಲಿ ಗುಳಿ ಇತ್ತು, ಅವಳ ಹೆಸರು ಕೆನ್ನೆಗೆ ಒತ್ತಿದ ಒಂದು ಬೆರಳು. ಅಮ್ಮನ ಹೆಸರು, ಹುಬ್ಬುಗಳ ನಡುವೆ ಎರಡು ಬೆರಳಿಟ್ಟು ಮೇಲಕ್ಕೆ ಎಳೆದ ಎರಡು ಗೆರೆ. ಮೊದಲ ಭೇಟಿಯಲ್ಲಿ, ಇವನು ಹೇಳಿದ್ದನ್ನು ಅರ್ಥ ಮಾಡಿಕೊಳ್ಳಲು ಒದ್ದಾಡುತ್ತಾ ಹುಬ್ಬು ಗಂಟಿಕ್ಕಿ ನಿಂತಿದ್ದ ಹುಡುಗಿಗೆ ಅವನು ಪ್ರೀತಿಯಿಂದ ಕೊಟ್ಟ ಹೆಸರು ಅದು.

ಈಗ ಆ ಗೆರೆಗಳೇ ಇರಲಿಲ್ಲ! ಅಪ್ಪ ಕೈ ಇಳಿಸಿ, ಮುಂದಿನ ಕೋಣೆಯಲ್ಲಿದ್ದ ತನ್ನ ಮರಗೆಲಸದ ಜಾಗಕ್ಕೆ ಹೋಗಿ ಬಾಗಿಲು ಹಾಕಿಕೊಂಡ. ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅತ್ತಳು. ಮಗಳು ಅಳಲೂ ಇಲ್ಲ. ಗೆರೆಗಳನ್ನು ಅಳಿಸಿದ ಕ್ಲಿನಿಕ್ಕಿಗೆ ಅಮ್ಮನನ್ನು ಕರೆದುಕೊಂಡು ಹೋಗಿ, ಕುರ್ಚಿಯಲ್ಲಿ ಕೂರಿಸಿ, ಸೂಜಿ ಚುಚ್ಚುವಾಗ ಕೈ ಹಿಡಿದುಕೊಂಡಿದ್ದವಳು ಅವಳೇ ತಾನೆ!

ಮಗಳು ಒಂದು ಚರ್ಮದ ಕ್ಲಿನಿಕ್ಕಿನಲ್ಲಿ ನರ್ಸ್. ಹಿಂದೆಲ್ಲ ಅಲ್ಲಿಗೆ ಬರುತ್ತಿದ್ದವರು ಮೊಡವೆ, ತುರಿಕೆಯವರು. ಈಗ ಕಾಲ ಬದಲಾಗಿದೆ ಸ್ವಾಮಿ! ಬ್ಯಾಂಕಿನ ಮ್ಯಾನೇಜರು, ಶಾಲೆಯ ಟೀಚರು, ಮದುವೆ ಹೆಣ್ಣಿನ ಚಿಕ್ಕಮ್ಮ, ಇತ್ತೀಚೆಗೆ ಒಬ್ಬ ಬಸ್ ಡ್ರೈವರು ಕೂಡ. ಕತ್ತರಿಯಿಲ್ಲ, ಹೊಲಿಗೆಯಿಲ್ಲ, ಆಸ್ಪತ್ರೆಯಲ್ಲಿ ಮಲಗುವ ರಗಳೆಯಿಲ್ಲ. ಊಟದ ಬಿಡುವಿನಲ್ಲಿ ಬಂದು, ಸ್ನಾಯು ಅಲುಗದಂತೆ ಮಾಡಿ ಗೆರೆ ಅಳಿಸುವ ಮದ್ದನ್ನು ಹಣೆಗೆ ನಾಲ್ಕು ಕಡೆ ಚುಚ್ಚಿಸಿಕೊಂಡು, ಹಿಂಬಾಗಿಲಿನಿಂದ ಆಫೀಸಿಗೆ ವಾಪಸ್. ಯಾರಿಗೂ ಗೊತ್ತಾಗಬಾರದು, ಆದರೆ ಎಲ್ಲರಿಗೂ ಕಾಣಬೇಕು! "ಏನ್ರೀ, ರಜಾ ಹಾಕಿದ್ರಾ? ಫ್ರೆಶ್ ಆಗಿ ಕಾಣ್ತಿದ್ದೀರಾ" ಎಂದು ಯಾರಾದರೂ ಕೇಳಿದರೆ ಚುಚ್ಚಿಸಿಕೊಂಡದ್ದು ಸಾರ್ಥಕ. ಇದರಲ್ಲಿ ತಪ್ಪೇನೂ ಇಲ್ಲ. ತಲೆಗೂದಲಿಗೆ ಬಣ್ಣ ಹಾಕುವವರು ನಾವು, ಹಣೆಯವರನ್ನು ನೋಡಿ ನಗುವುದು ಯಾಕೆ?

ಆ ಕ್ಲಿನಿಕ್ಕಿನ ಹಳೆಯ ಗಿರಾಕಿಯೇ ಮಗಳಿಗೆ ಅತ್ತೆಯಾಗಬೇಕಾದವರು. ಅವರ ಮಗ ಕನ್ನಡಕದ ಅಂಗಡಿ ನಡೆಸುತ್ತಿದ್ದ. ತಾಯಿಯನ್ನು ಕರೆದೊಯ್ಯಲು ಬಂದು ಬಂದು, ಕೊನೆಗೆ ಕಾಯುವ ಕುರ್ಚಿಯಲ್ಲೇ ಪ್ರೀತಿಯಲ್ಲಿ ಬಿದ್ದ. ಹುಡುಗನೇನೋ ಚಿನ್ನದಂಥವನು. ಆದರೆ ತಾಯಿಯ ನಾಲಿಗೆ! ಮದುವೆ ಮಾತಿಗೆ ಮನೆಗೆ ಬಂದ ದಿನ, ಅಮ್ಮ ಅಡುಗೆಮನೆಗೆ ಹೋದದ್ದೇ ತಡ, ಅವರು ಮಗಳ ಕಿವಿಯಲ್ಲಿ ಉಸುರಿದರು:

"ನಿಮ್ಮಮ್ಮ ಯಾಕೆ ಯಾವಾಗ್ಲೂ ಜಗಳಕ್ಕೆ ನಿಂತ ಹಾಗೆ ಮುಖ ಮಾಡ್ಕೊಂಡಿರ್ತಾರೆ? ಆ ಹುಬ್ಬು ಕುಣಿಸೋದು, ಬಾಯಿ ತಿರುಚೋದು... ನಮ್ಮ ಕಡೆಯವರು ಏನು ತಿಳ್ಕೋಬೇಕು? ಮದುವೆ ಫೋಟೋ ಜೀವನಪೂರ್ತಿ ಗೋಡೆ ಮೇಲಿರುತ್ತೆ ನೋಡು. ನಿಮ್ಮ ಕ್ಲಿನಿಕ್ಕಲ್ಲೇ ಸ್ವಲ್ಪ ನೇರ್ಪು ಮಾಡಿಸಬಾರದಾ?"

ಉಸುರಿದ್ದು ಅಡುಗೆಮನೆಗೂ ಕೇಳಿಸಿತು. ಇಡೀ ದಿನ ಬೇಕರಿಯೊಂದರಲ್ಲಿ ಫೋನಿನಲ್ಲಿ ಕೇಕಿನ ಆರ್ಡರ್ ಬರೆದುಕೊಳ್ಳುವ ಅಮ್ಮನ ಕಿವಿ ಬಲು ಚುರುಕು. ಅಂದು ಅವರು ಹೋದ ಮೇಲೆ ಕೈ ಒರೆಸಿಕೊಳ್ಳುತ್ತಾ ಬಂದು ಅವಳೇ ಹೇಳಿದಳು: "ಮಾಡಿಸೇ ಮರಿ. ನನ್ನ ಮುಖದಿಂದ ನಿನ್ನ ಸಂಸಾರಕ್ಕೆ ಮಾತು ಬರೋದು ಬೇಡ."

ಮಗಳು ಬೇಡವೆನ್ನಲಿಲ್ಲ. ಯಾಕೆ ಬೇಡವೆನ್ನಬೇಕು? ದಿನಾ ನೂರು ಹಣೆ ನೋಡುವವಳಿಗೆ ಇದು ಹಲ್ಲು ಕ್ಲೀನ್ ಮಾಡಿಸಿದಷ್ಟೇ ಸಲೀಸು. ಡಾಕ್ಟರು ಒಳ್ಳೆಯವರೇ; ಚುಚ್ಚುವ ಮೊದಲು ಎಲ್ಲರನ್ನೂ ಕೇಳುವ ಪ್ರಶ್ನೆಯನ್ನು ಅಮ್ಮನಿಗೂ ಕೇಳಿದರು.

"ನಾಟಕ, ಹಾಡುಗಾರಿಕೆ, ಮುಖದಿಂದಲೇ ನಡೆಯೋ ಕೆಲಸ ಏನಾದ್ರೂ ಮಾಡ್ತೀರಾ?"

"ಅಯ್ಯೋ, ನಾನು ಫೋನಲ್ಲಿ ಕೇಕ್ ಮಾರೋಳು ಡಾಕ್ಟ್ರೇ! ನನ್ನ ಮುಖ ಯಾರು ನೋಡ್ತಾರೆ?" ಎಂದು ಅಮ್ಮ ನಕ್ಕಳು. ಮಗಳೂ ನಕ್ಕಳು.

ಮನೆಯಲ್ಲಿ ಒಬ್ಬ ನೋಡುತ್ತಾನೆ, ಬರೀ ಆ ಮುಖವನ್ನು ನೋಡಿಯೇ ಬದುಕುತ್ತಾನೆ ಎಂಬುದು ತಾಯಿಗೂ ಹೊಳೆಯಲಿಲ್ಲ, ಮಗಳಿಗೂ ಹೊಳೆಯಲಿಲ್ಲ! ಉಸಿರಾಡುವುದನ್ನು ಯಾರು ಕೆಲಸ ಅಂದುಕೊಳ್ಳುತ್ತಾರೆ ಹೇಳಿ? ಅಮ್ಮನ ಕೈಗಳು ಹೇಳುತ್ತಿದ್ದುದು ಬರೀ ಸುದ್ದಿ. ಅದರಲ್ಲಿ ತಮಾಷೆ ಎಷ್ಟು, ಮುನಿಸು ಎಷ್ಟು, ಮುದ್ದು ಎಷ್ಟು ಎಂಬುದನ್ನೆಲ್ಲ ಹೇಳುತ್ತಿದ್ದುದು ಆ ಹುಬ್ಬುಗಳು. ಗಂಡನಿಗೆ ಅವಳ ದನಿಯೆಂದರೆ ಅದೇ.

ಬಾಗಿಲು ಹಾಕಿಕೊಂಡ ಅಪ್ಪನೆದುರು ಮರುದಿನ ಬೆಳಿಗ್ಗೆ ಮಗಳು ನಿಂತಳು. ನಡೆದದ್ದನ್ನೆಲ್ಲ ಕೈಗಳಲ್ಲಿ ಹೇಳಿದಳು. ಕೊನೆಯಲ್ಲಿ, 'ನಿನ್ನ ಕಿವಿ ಎರಡನೇ ಸಲ ಹೋಯ್ತಪ್ಪಾ... ಈ ಸಲ ಕಿತ್ತುಕೊಂಡವಳು ನಾನು!' ಎಂದಳು. ಮದ್ದನ್ನು ಹಿಂದಕ್ಕೆ ತೆಗೆಯಲು ಬರುವುದಿಲ್ಲ, ಕೆಲವು ತಿಂಗಳಲ್ಲಿ ತಾನಾಗಿಯೇ ಅದರ ಬಲ ಇಳಿಯಬೇಕು ಎಂದೂ ಹೇಳಿದಳು.

ಅಪ್ಪ ಬೈಯಲಿಲ್ಲ. ಎದ್ದು ಅಡುಗೆಮನೆಗೆ ಹೋದ. ಒಲೆಯ ಮುಂದೆ ನಿಂತಿದ್ದ ಹೆಂಡತಿಯನ್ನು ತನ್ನ ಕಡೆಗೆ ತಿರುಗಿಸಿಕೊಂಡು, ಅವಳ ಗಂಟಲ ಮೇಲೆ ಅಂಗೈ ಇಟ್ಟ. ಉಳಿ ಮರದೊಳಗೆ ಹೇಗೆ ಓಡುತ್ತಿದೆ ಎಂದು ತಿಳಿಯಲು ಹಲಗೆಯ ಮೇಲೆ ಇಡುತ್ತಿದ್ದ ಅದೇ ಅಂಗೈ. ಇನ್ನೊಂದು ಕೈ ಹೇಳಿತು: 'ಅಲ್ಲಿಯವರೆಗೆ ಬಾಯಿಬಿಟ್ಟು ಮಾತಾಡು. ನಾನು ಕೈಯಲ್ಲಿ ಕೇಳ್ತೀನಿ.'

"ಏನಂತ ಮಾತಾಡ್ಲಿ..." ಎಂದು ಅಮ್ಮ ಗದ್ಗದಿಸಿದಳು. ಅಂಗೈಯ ಕೆಳಗೆ ಗಂಟಲು ನಡುಗಿತು. ಅಪ್ಪ ತಲೆಯಾಡಿಸಿದ. ಕೇಳಿಸಿತು ಎಂದು! ಮೂವತ್ತು ವರ್ಷದ ಸಂಸಾರದಲ್ಲಿ ಅವನು ಹೆಂಡತಿಯ ದನಿಯನ್ನು ಮುಟ್ಟಿದ್ದು ಅದೇ ಮೊದಲು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಮಗಳು ಆ ಕ್ಷಣದಲ್ಲೇ ನಿರ್ಧಾರ ಮಾಡಿದಳು.

ಆ ವಾರದ ಕೊನೆಯಲ್ಲಿ ಬೀಗಿತ್ತಿಯಾಗಬೇಕಾದವರು ಮಗನ ಜೊತೆ ಬಂದರು. ಅಮ್ಮನನ್ನು ನೋಡಿ ಅವರಿಗೆ ಸಂತೋಷವೋ ಸಂತೋಷ!

"ಈಗ ನೋಡಿ, ಎಷ್ಟು ಲಕ್ಷಣವಾಗಿ ಕಾಣ್ತೀರಾ! ಇನ್ನೊಂದು ಮಾತು, ಬೇಜಾರು ಮಾಡ್ಕೋಬೇಡಿ. ಸ್ಟೇಜ್ ಮೇಲೆ ನಿಮ್ಮಿಬ್ಬರ ಈ ಕೈಕರಣ ಬಾಯಿಕರಣ ಬೇಡ. ಮುಂದಿನ ಸಾಲಲ್ಲಿ ಸುಮ್ನೆ ಕೂತ್ಬಿಡಿ. ಎಲ್ಲ ಮುಗಿದ ಮೇಲೆ ಯಜಮಾನರಿಗೆ ವಿವರವಾಗಿ ಹೇಳ್ಕೊಳ್ಳಿ."

ಅಮ್ಮ ತಲೆ ತಗ್ಗಿಸಿದಳು. ಮಗಳು ತಲೆ ಎತ್ತಿದಳು.

"ಅತ್ತೆ, ಮದುವೆ ಈಗ ಆಗೋದಿಲ್ಲ."

"ಏನಂದೆ?"

"ಅಮ್ಮನ ಹುಬ್ಬು ಮೊದಲಿನ ಹಾಗೆ ಏಳೋ ತನಕ ಮದುವೆ ಇಲ್ಲ."

"ಹಾಲ್ ಬುಕ್ ಆಗಿದೆ! ಜನಕ್ಕೆ ಹೇಳಿ ಆಗಿದೆ! ಹುಬ್ಬಿಗೋಸ್ಕರ ಮದುವೆ ಮುಂದಕ್ಕೆ ಹಾಕಿದ್ದನ್ನ ಎಲ್ಲಾದ್ರೂ ಕೇಳಿದ್ದೀಯಾ? ತಲೆ ಕೆಟ್ಟಿದೆಯಾ ನಿನಗೆ?"

"ಕೆಟ್ಟಿತ್ತು, ಈಗ ಸರಿಯಾಗಿದೆ. ನನ್ನ ಮದುವೆ ನಮ್ಮಪ್ಪನಿಗೆ ಕೇಳಿಸಬೇಕು ಅತ್ತೆ. ಎಲ್ಲ ಮುಗಿದ ಮೇಲಲ್ಲ, ನಿಮಗೆ ಕೇಳಿಸಿದಾಗಲೇ! ಅಮ್ಮ ಸ್ಟೇಜ್ ಮೇಲೆ ನಿಂತು ಹೇಳ್ತಾಳೆ, ಮುಖ ತುಂಬ ಹೇಳ್ತಾಳೆ. ಅದು ನಿಮಗೆ ಅವಮಾನ ಅನ್ನಿಸಿದ್ರೆ... ನಿಮ್ಮ ಮಗನಿಗೆ ಬೇರೆ ಹೆಣ್ಣು ನೋಡ್ಕೊಳ್ಳಿ."

ಅಷ್ಟು ಹೇಳಿ ಅವಳು ಹುಡುಗನ ಕಡೆ ತಿರುಗಿದಳು. ಆ ಹುಡುಗನನ್ನು ಅವಳು ಜೀವಕ್ಕಿಂತ ಹೆಚ್ಚಾಗಿ ಪ್ರೀತಿಸುತ್ತಿದ್ದಳು. ಎಲ್ಲರ ಕಣ್ಣೂ ಅವನ ಮೇಲೆ ನಿಂತಿತು. ಅವನು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ.

"ಅಮ್ಮಾ, ನಾನು ಕಾಯ್ತೀನಿ," ಎಂದ. "ಹಾಲ್ ಇನ್ನೊಂದು ಸಿಗುತ್ತೆ."

ಅವನ ತಾಯಿ ದಡಾರನೆ ಬಾಗಿಲು ಎಳೆದುಕೊಂಡು ಹೊರಟುಹೋದರು. ಅಮ್ಮ ಮಗಳನ್ನು ಅಪ್ಪಿಕೊಂಡು, "ನನ್ನ ಹಣೆಬರಹಕ್ಕೆ ನಿನ್ನ ಮದುವೆ ಯಾಕೆ ನಿಲ್ಲಬೇಕೇ!" ಎಂದು ಅತ್ತಳು. ಅಪ್ಪ ಮಾತ್ರ ಎದೆ ಸೆಟೆಸಿ ನಿಂತಿದ್ದ. ಯಾರೂ ಅವನಿಗೆ ಏನನ್ನೂ ಹೇಳಿರಲಿಲ್ಲ. ಮಗಳು ನಿಂತ ಠೀವಿಯೇ ಅವನಿಗೆ ಎಲ್ಲವನ್ನೂ ಹೇಳಿತ್ತು.

ಕಾಯುವ ದಿನಗಳು ನಿಧಾನವಾಗಿ ಸರಿದವು. ಬೀಗಿತ್ತಿ ಕ್ಲಿನಿಕ್ಕಿಗೆ ಬಂದರೂ ಮಗಳ ಕಡೆ ತಿರುಗಿ ನೋಡುತ್ತಿರಲಿಲ್ಲ. ಹುಡುಗ ಅಂಗಡಿ ಮುಚ್ಚಿ ಬಂದು ಅಪ್ಪನ ಹತ್ತಿರ ಕೈಮಾತು ಕಲಿಯುತ್ತಿದ್ದ. 'ನೀರು ಕೊಡಿ' ಎನ್ನಲು ಹೋಗಿ 'ಕುದುರೆ ಕೊಡಿ' ಎಂದು ಅಪ್ಪನನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸಿದ. ಅಮ್ಮ ಸುದ್ದಿಯನ್ನು ಕೈಯಲ್ಲಿ ಹೇಳಿ, ಒಲವನ್ನು ಗಂಟಲಲ್ಲಿ ಹೇಳಿದಳು. ಒಂದು ಬೆಳಿಗ್ಗೆ ಅಪ್ಪ ಅಡುಗೆಮನೆಯ ಹೊಸ ಟವೆಲ್ಲಿಗೆ ಮರದ ಗೋಂದು ಒರೆಸಿದ್ದ. ಅದನ್ನು ಅವನ ಮುಖದ ಮುಂದೆ ಹಿಡಿದು ತೋರಿಸಿ, ಪಕ್ಕಕ್ಕೆಸೆದು, ಅಮ್ಮ ಎರಡೂ ಕೈಯಿಂದ ಬೈಯತೊಡಗಿದಳು. ಬೈಸಿಕೊಳ್ಳುತ್ತಿದ್ದವನ ಕಣ್ಣು ಇದ್ದಕ್ಕಿದ್ದಂತೆ ಅರಳಿತು! ಅಮ್ಮನ ಹುಬ್ಬುಗಳ ನಡುವೆ, ಇನ್ನೂ ಕೂದಲೆಳೆಯಷ್ಟು ಸಣ್ಣದಾಗಿ, ಎರಡು ಗೆರೆ...

ಅಪ್ಪ ತನ್ನ ಹುಬ್ಬುಗಳ ನಡುವೆ ಎರಡು ಬೆರಳಿಟ್ಟು ಮೇಲಕ್ಕೆ ಎಳೆದ. ಇನ್ನೊಮ್ಮೆ ಎಳೆದ. ಮತ್ತೊಮ್ಮೆ! ಹೆಂಡತಿಯ ಹೆಸರನ್ನು ಕರೆಯುತ್ತಾ ಆ ದೊಡ್ಡ ಮನುಷ್ಯ ಮಗುವಿನಂತೆ ಅತ್ತುಬಿಟ್ಟ. ಮಗಳು ಹುಡುಗನಿಗೆ ಫೋನ್ ಮಾಡಿ ಒಂದೇ ಮಾತು ಹೇಳಿದಳು: "ಹಾಲ್ ನೋಡು."

ಮದುವೆಯ ದಿನ ಅಮ್ಮ ಸ್ಟೇಜಿನ ಮೇಲೆ ನಿಂತಳು, ಅಪ್ಪನ ಎದುರಿಗೆ, ಎಲ್ಲರ ಎದುರಿಗೆ. ಯಾರು ಏನು ಮಾತಾಡಿದರೂ ಅದು ಅವಳ ಮುಖವನ್ನು ಹಾದು ಅಪ್ಪನನ್ನು ತಲುಪಿತು. ತಮಾಷೆಗೆ ಹುಬ್ಬು ಹಾರಿತು, ಹಾರೈಕೆಗೆ ಹಣೆ ಅರಳಿತು. ಅಪ್ಪ ಎಲ್ಲರ ಜೊತೆಗೇ ನಕ್ಕ, ಯಾರಿಗಿಂತಲೂ ಜೋರಾಗಿ ನಕ್ಕ. ಆ ನಗುವಿಗೆ ಹಾಲ್ ತುಂಬ ಜನ ತಿರುಗಿ ನೋಡಿದರೆ ಮಗಳು ಹೆಮ್ಮೆಯಿಂದ ಬೀಗಿದಳು. ಹೌದು, ನನ್ನಪ್ಪ! ಹೌದು, ಅದು ನನ್ನಮ್ಮನ ಮುಖ!

ಕೊನೆಯಲ್ಲಿ ಬೀಗಿತ್ತಿ ಮೈಕ್ ಹಿಡಿದರು. ಬಿಗುಮಾನದಿಂದಲೇ ಬಂದಿದ್ದವರು, ನಾಲ್ಕು ಒಣ ಮಾತು ಹೇಳಿ ಮುಗಿಸುವವರಿದ್ದರು. "ಒಬ್ಬನೇ ಮಗ... ಇಷ್ಟು ದಿನ ನನ್ನ ಜೊತೆಗಿದ್ದ..." ಎಂದರು. ದನಿ ನಡುಗಿದರೂ ಅವರ ಮುಖ ಅಲುಗಲಿಲ್ಲ. ಪಕ್ಕದಲ್ಲಿ ಅಮ್ಮ ಅದನ್ನೇ ಅಪ್ಪನಿಗೆ ಹೇಳುತ್ತಿದ್ದಳು. ಅವಳ ಹುಬ್ಬುಗಳು ಕೂಡಿ ಮೇಲೆದ್ದವು, ಗಲ್ಲ ನಡುಗಿತು. ಬೀಗಿತ್ತಿ ತಿರುಗಿ ನೋಡಿದರು. ತಮ್ಮ ಹೊಟ್ಟೆಯೊಳಗಿನ ಸಂಕಟ ಅಲ್ಲಿ, ಇನ್ನೊಬ್ಬಳ ಹಣೆಯ ಮೇಲೆ ಎದ್ದು ನಿಂತಿತ್ತು! ಮೈಕ್ ಕೆಳಗಿಟ್ಟು ಅಮ್ಮನ ಕೈ ಹಿಡಿದುಕೊಂಡರು.

"ನಾನು ಹೇಳಕ್ಕಾಗದೇ ಇದ್ದದ್ದನ್ನೂ ಹೇಳಿಬಿಟ್ರಲ್ಲ... ನನ್ನ ಬಾಯಿ ಕೆಟ್ಟದ್ದು. ಮನಸ್ಸಲ್ಲಿ ಇಟ್ಕೋಬೇಡಿ." ಆಮೇಲೆ ಕಣ್ಣೊರೆಸಿಕೊಂಡು ಸೊಸೆಯನ್ನು ಕೇಳಿದರು, "ನಿಮ್ಮಪ್ಪ ಎಲ್ಲರಿಗೂ ಒಂದೊಂದು ಹೆಸರು ಇಡ್ತಾರಂತಲ್ಲ, ನನಗೇನಂತಾರೆ?"

ಸೊಸೆ ಪೆಚ್ಚಾದಳು. ಹೇಳದೆ ವಿಧಿಯಿರಲಿಲ್ಲ. ಅಂಗೈಯನ್ನು ಮುಖದ ಮುಂದೆ ಹಿಡಿದು, ತಟ್ಟೆ ಒರೆಸಿದ ಹಾಗೆ ಹಣೆಯಿಂದ ಗಲ್ಲದವರೆಗೆ ಸವರಿ ತೋರಿಸಿದಳು. "ನುಣ್ಣನೆಯವರು" ಎಂದಳು ಮೆಲ್ಲಗೆ.

ಬೀಗಿತ್ತಿ ಮೊದಲು ಕಣ್ಣರಳಿಸಿದರು. ಆಮೇಲೆ ಕಿಸಕ್ಕೆಂದರು. ಆಮೇಲೆ ಹೊಟ್ಟೆ ಹಿಡಿದುಕೊಂಡು, ಸೀರೆ ನೆರಿಗೆ ಕೆಡುವಷ್ಟು, ಅಳುವೂ ನಗುವೂ ಬೆರೆಯುವಷ್ಟು ನಕ್ಕರು! ಎಷ್ಟು ಜೋರಾದ ನಗುವೆಂದರೆ, ಮದ್ದಿನ ಬಲ ಇಳಿಯುತ್ತಿದ್ದ ಅವರ ಕಣ್ಣಂಚಿನಲ್ಲಿ ಮೂರು ಗೆರೆ ಮೂಡಿಯೇಬಿಟ್ಟವು. ನೋಡುತ್ತಿದ್ದ ಅಪ್ಪ ಕೈ ಅಡ್ಡ ಆಡಿಸಿ ಹಳೆಯದನ್ನು ಅಳಿಸಿಹಾಕಿದ. ಮೂರು ಬೆರಳನ್ನು ತನ್ನ ಕಣ್ಣಂಚಿಗೆ ಇಟ್ಟು ಹೊರಕ್ಕೆ ಎಳೆದ.

"ಹೊಸ ಹೆಸರು ಅತ್ತೆ," ಎಂದಳು ಸೊಸೆ.

ಮದುವೆಯ ಗಡಿಬಿಡಿ ಮುಗಿದ ಮೇಲೆ ಬೀಗಿತ್ತಿ ಎಂದಿನಂತೆ ಕ್ಲಿನಿಕ್ಕಿಗೆ ಬಂದರು. ಹಣೆಗೆ ಮಾಡಿಸಿಕೊಂಡರು, ಅದನ್ನು ಬಿಡುವ ಹೆಂಗಸಲ್ಲ ಅವರು, ಬಿಡಬೇಕಾಗಿಯೂ ಇಲ್ಲ. ಸೊಸೆ ಪಕ್ಕದಲ್ಲಿ ಟ್ರೇ ಹಿಡಿದು ನಿಂತಿದ್ದಳು. ಡಾಕ್ಟರ ಸೂಜಿ ಕಣ್ಣಂಚಿನ ಕಡೆಗೆ ತಿರುಗಿದಾಗ ಅವರು ಕೈ ಅಡ್ಡ ಹಿಡಿದರು.

"ಅಲ್ಲಿ ಬೇಡ ಡಾಕ್ಟ್ರೇ," ಎಂದರು ಕತ್ತು ಕೊಂಕಿಸಿ. "ಅದು ನನ್ನ ಹೆಸರು."