ಕೆನ್ಯಿರ್ ದಡದ ಮೂರನೇ ಕುರ್ಚಿ

ನಾನು ದೆವ್ವ ನಂಬುವವಳಲ್ಲ, ಥರ್ಮಾಮೀಟರ್ ನಂಬುವವಳು. ಮಲೇಷ್ಯಾದ ನಿಲಾಯ್‌ನಲ್ಲಿ ಡಾಕ್ಟರ್.

೨೦೨೧ರ ಅಕ್ಟೋಬರ್‌ನಲ್ಲಿ ಲಾಕ್‌ಡೌನ್ ಸಡಿಲವಾದ ಕೂಡಲೇ ನಾನು, ಗಂಡ ನಿತ್ಯಾನಂದ ಕೆನ್ಯಿರ್ ಸರೋವರದ ದಡದಲ್ಲಿ ಟೆಂಟ್ ಹಾಕಿದೆವು. ದೋಣಿ ಬಿಟ್ಟರೆ ಅಲ್ಲಿಗೆ ಬೇರೆ ದಾರಿಯಿಲ್ಲ. ದೋಣಿಯವನು ನಮ್ಮಿಬ್ಬರಿಗೆ ಮೂರು ಕುರ್ಚಿ ಇಳಿಸಿ ಹೋದ.

ಆಗಿನ ಅಭ್ಯಾಸದಂತೆ ಸಂಜೆ ಇಬ್ಬರ ಹಣೆಗೂ ಥರ್ಮಾಮೀಟರ್ ಗನ್ ಹಿಡಿದೆ. ಮೂವತ್ತಾರೂವರೆ ಸೆಲ್ಸಿಯಸ್, ನಾರ್ಮಲ್. ತಮಾಷೆಗೆ ನೆರಳಲ್ಲಿದ್ದ ಖಾಲಿ ಕುರ್ಚಿಗೂ ಹಿಡಿದೆ. ಮೂವತ್ತೆಂಟೂವರೆ. ಜ್ವರ!

"ಗನ್ ಹಾಳಾಗಿದೆ ಮಾರಾಯ್ತಿ," ಅಂದರು ಇವರು.

"ಹಾಳಾಗಿದ್ರೆ ನಮಗೆ ಸರಿ ಯಾಕೆ ತೋರಿಸ್ತದೆ?"

ಕುರ್ಚಿಯನ್ನು ಸರೋವರದಲ್ಲಿ ಮುಳುಗಿಸಿ ತಂದಿಟ್ಟೆ. ನೀರಿಳಿಯುವಷ್ಟರಲ್ಲಿ ಮತ್ತೆ ಅಷ್ಟೇ. ಕೈಯಿಟ್ಟರೆ, ಯಾರೋ ಈಗಷ್ಟೇ ಎದ್ದುಹೋದಂಥ ಬಿಸಿ.

ಬೆಳಿಗ್ಗೆ ಮೂವತ್ತೊಂಬತ್ತೂವರೆ. ಅಷ್ಟು ಜ್ವರವಿದ್ದವರನ್ನು ಹಾಗೇ ಬಿಟ್ಟು ನನಗೆ ಅಭ್ಯಾಸವಿಲ್ಲ. ಕುರ್ಚಿಯ ಮೇಲೆ ಒಂದು ಪ್ಯಾರಾಸಿಟಮಾಲ್, ಒಂದು ಲೋಟ ನೀರಿಟ್ಟೆ. ಇವರು ನಗಲಿಲ್ಲ, ಮಾಸ್ಕ್ ಹಾಕಿಕೊಂಡರು.

ಮಧ್ಯಾಹ್ನ ದೋಣಿ ಬಂತು. ದೋಣಿಯವನು ಎರಡು ಕುರ್ಚಿ ಮಡಚಿ ತುಂಬಿಕೊಂಡ. ಮೂರನೆಯದನ್ನು ಮುಟ್ಟಲೇ ಇಲ್ಲ.

"ಅದು ಇಲ್ಲೇ ಇರ್ಲಿ ಲಾ," ಅಂದ ಮಲಯ್ ಧಾಟಿಯಲ್ಲಿ.

ನಾನು ಹತ್ತಿರ ಹೋಗಿ ನೋಡಿದೆ. ಮಾತ್ರೆ ಇರಲಿಲ್ಲ, ಲೋಟ ಖಾಲಿಯಾಗಿತ್ತು. ಕೊನೆಯ ಸಲ ಗನ್ ಹಿಡಿದೆ.

ಮೂವತ್ತೇಳು. ಜ್ವರ ಇಳಿದಿತ್ತು.