ರಾಟೆಯ ಕೆಳಗೆ ಹಾಯ್ದ ಹಗ್ಗ

"ರಾಟಿ ಬಾವಿಗೇನ್ರಿ?" ಮೊಳೆ ತೂಗುತ್ತಿದ್ದ ನೀಲಗಂಗೆ ತಕ್ಕಡಿಯಿಂದ ಕಣ್ಣು ತೆಗೆಯದೆ ಕೇಳಿದಳು.

"ದೋಣಿಗೆ ಬೇಕಾಗಿತ್ರಿ."

ಆ ದನಿಗೆ ತಕ್ಕಡಿ ಅಲುಗಿತು. ಪಂಚಮಿ ಹಬ್ಬದ ಮುಂದೆ ತನ್ನನ್ನು ನೋಡಲು ಬಂದು, ಎರಡು ಸಲ ಕದ್ದು ನೋಡಿ, ಆಮೇಲೆ ಹೌದು ಅಲ್ಲ ಏನೂ ಹೇಳಿ ಕಳಿಸದ ಬನವಾಸಿಯ ಶಿವಲಿಂಗಪ್ಪ! ಈಗ ಶಿರಸಿಯ ಅಂಗಡಿಯ ಮೆಟ್ಟಿಲ ಮೇಲೆ ಕೊಡೆ ಮಡಚುತ್ತ ನಿಂತಿದ್ದ.

ಮುಂಬೈ ಸರ್ಕಾರ ಹೋಗಿ ಮೈಸೂರು ರಾಜ್ಯ ಬಂದಿದ್ದರೂ ಅವಳಪ್ಪ ಮಡಿವಾಳಪ್ಪನ ಕಬ್ಬಿಣದ ಅಂಗಡಿಯ ಬೋರ್ಡು ಇನ್ನೂ ಮರಾಠಿಯಲ್ಲೇ ಇತ್ತು. ಅಪ್ಪ ಒಳಗೆ ಸರಪಳಿ ಎಣಿಸುತ್ತಿದ್ದ.

"ವರದೆಯ ಆಚಿ ದಂಡ್ಯಾಗ ನಮ್ಮ ಹೊಲ ಐತ್ರಿ. ಸಣ್ಣ ಹಾಯಿದೋಣಿ. ಲಂಗರು ಎತ್ತಾಕ ರಾಟಿ ಬೇಕು." ಅವನು ದೊಡ್ಡ ಎರಕದ ರಾಟೆಯ ಮೇಲೆ ಕೈಯಿಟ್ಟ. "ಇದು ಗಟ್ಟಿ ಕಾಣ್ತೈತಿ."

"ಗಟ್ಟಿನ ಐತಿ. ಮೂತಿ ಮ್ಯಾಲ ಕುಂದ್ರಿಸಿದ್ರ ದೋಣಿ ನೀರು ಕುಡೀತೈತಿ. ನಿಮ್ದೇನು ಹಡಗೇನ್ರಿ?"

"ಹಡಗೆಲ್ಲೀದ್ರಿ? ನಾಕು ಮಂದಿ ಕುಂತ್ರ ಐದನೇದಾಂವ ಈಸಬೇಕು."

ನಗು ಬಂತು. ತುಟಿ ಕಚ್ಚಿ ತಡೆದಳು. ಮತ್ತಿಮರದ ಉರುಳೆಯ ಸಣ್ಣ ರಾಟೆಯನ್ನು ಮುಂದೆ ಸರಿಸಿ ಹಿಡಿ ತಿರುಗಿಸಿದಳು. ಬದಿಯ ಹಲ್ಲಿನ ಗಾಲಿಯ ಮೇಲೆ ಕೊಕ್ಕೆ ಟಕ್ ಟಕ್ ಎಂದಿತು.

"ಇದು ಹಗ್ಗ ಹಿಂದಕ್ಕ ಓಡಗೊಡೂದಿಲ್ಲ. ನಡುವ ಕೈ ಬಿಡೂ ಮಂದಿಗೆ ಛಲೋ ಆಗ್ತೈತಿ."

ಅವನ ಕಿವಿ ಕೆಂಪಾಯಿತು. "ನಾ ಕೈ ಬಿಟ್ಟಿಲ್ರಿ."

"ಮತ್ತ?"

ಒಳಗೆ ಸರಪಳಿಯ ಸದ್ದು ನಿಂತಿತ್ತು. ಅವನು ದನಿ ತಗ್ಗಿಸಿದ. "ನಿಮ್ಮನ್ನ ನೋಡಿ ಬಂದ ದಿನಾನ ಲಂಗರಿನ ಹಗ್ಗ ಜಾರಿ ಅಪ್ಪನ ಭುಜ ಹೋತ್ರಿ. ಗೌರತ್ತಿ ಹುಡುಗಿ ಕಾಲ್ಗುಣ ಅಂತ ಹಟಾ ಹಿಡದಾಳ. ಹಗ್ಗದ ತಪ್ಪಿಗೆ ಹುಡುಗಿ ಏನು ಮಾಡ್ಯಾಳ ಅಂತ ನಾನು. ರಾಟಿ ಕುಂದ್ರಿಸಿ, ಲಂಗರು ನಿಲ್ಲಿಸಿ ತೋರಿಸ್ತೇನಿ. ಆವಾಗರ ಒಪ್ಪತಾಳ."

"ನಿಲ್ಲಲಿಲ್ಲ ಅಂದ್ರ?"

"ಹಂಗನ್ನಬ್ಯಾಡ್ರಿ," ಎಂದ. ಆ ಕಣ್ಣಿನಲ್ಲಿ ಬೇಡಿಕೆ ಇತ್ತು. ನೀಲಗಂಗೆಗೆ ಇಷ್ಟು ದಿನದ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ.

ಸೋಮವಾರ ಬೋಲ್ಟು ಬಿಗಿಯಲು ಮಡಿವಾಳಪ್ಪ ತಾನೇ ಬನವಾಸಿಗೆ ಹೊರಟ. ಮಗಳು ಗುಡಿಗೆ ಬರುತ್ತೇನೆಂದಾಗ ಮೀಸೆಯಲ್ಲೇ ನಕ್ಕು ಕರೆದೊಯ್ದ.

ಹೊಳೆ ಇನ್ನೂ ತುಂಬಿ ಹರಿಯುತ್ತಿತ್ತು. ದೋಣಿಯ ಮೂತಿಯ ಹಲಗೆ ತೆಳ್ಳಗಿತ್ತೆಂದು ಅಡಿಗೆ ಇನ್ನೊಂದು ಹಲಗೆ ಕೊಟ್ಟು, ಎರಡನ್ನೂ ಸೇರಿಸಿ ನಾಲ್ಕು ಬೋಲ್ಟು ಬಿಗಿದರು. ಹೊಸ ಕಬ್ಬಿಣ ನೀರಿಗಿಳಿಯುವ ಮೊದಲು ಪೂಜೆ ಆಗಬೇಕಲ್ಲ? ಶಿವಲಿಂಗಪ್ಪನ ಸೋದರತ್ತೆ ಗೌರಕ್ಕ ರಾಟೆಯ ಮುಂದಿನ ಅಡ್ಡಪಟ್ಟಿಗೆ ವಿಭೂತಿ ಬಳಿದು, ಹೂ ಕಟ್ಟಿ ಹೇಳಿದಳು: "ಇದರ ಮ್ಯಾಲ ಹಗ್ಗ ಹಾಯಬಾರದು ನೋಡಪಾ. ಕೆಳಗಿಂದ ತಗೊ."

ಅವನು ಹಾಗೆಯೇ ಉರುಳೆಗೆ ಕೆಳಗಿನಿಂದ ಹಗ್ಗ ಸುತ್ತಿ ದೋಣಿ ನಡುಹೊಳೆಗೆ ಒಯ್ದ. ಲಂಗರು ಬಿಟ್ಟು ಕೊಕ್ಕೆ ಇಳಿಸಿದ.

ಹಗ್ಗ ನಿಲ್ಲಲಿಲ್ಲ. ಉರುಳೆ ಗಿರಗಿರ ತಿರುಗಿತು, ದೋಣಿ ಹಿಂದಕ್ಕೆ ಹಿಂದಕ್ಕೆ ಹೋಯಿತು.

"ನೋಡಿದಿರಿಲ್ಲೋ!" ಗೌರಕ್ಕ ಎದೆ ಬಡಿದುಕೊಂಡಳು. "ಅಕಿ ದಂಡಿಗೆ ಬಂದು ನಿಂತಾಳ, ಹಗ್ಗ ಹೊಂಟಿತು!"

ನೀಲಗಂಗೆಯ ಕಣ್ಣು ಹಗ್ಗವನ್ನು ಬಿಟ್ಟಿರಲಿಲ್ಲ. ಬಾವಿಯ ರಾಟೆಗೆ ಹಗ್ಗ ಮೇಲಿನಿಂದ ಇಳಿಯುತ್ತದೆ. ಹಾಗೆ ಸುತ್ತಿದರಷ್ಟೇ ಕೊಕ್ಕೆ ಹಲ್ಲನ್ನು ಕಚ್ಚುತ್ತದೆ; ಕೆಳಗಿನಿಂದ ಸುತ್ತಿದರೆ ಹಲ್ಲಿನ ಮೇಲೆ ಜಾರುತ್ತದೆ.

"ಕೊಕ್ಕಿ ಉಲ್ಟಾ ಆಗೇತ್ರಿ! ಹಗ್ಗ ಮ್ಯಾಲಿಂದ ಸುತ್ತರಿ! ಮ್ಯಾಲಿಂದ!"

ಹಗ್ಗ ಕೊನೆಮುಟ್ಟಿ ದೋಣಿ ಜಗ್ಗಿ ನಿಂತಿತು. ಶಿವಲಿಂಗಪ್ಪ ಬಿದಿರ ಜಲ್ಲೆ ಊರಿ ಮುಂದೆ ಬಂದು ಸಡಿಲು ಮಾಡಿಕೊಂಡ. ಹಗ್ಗವನ್ನು ಉರುಳೆಯ ಮೇಲಿನಿಂದ ಹಾಯಿಸಿ ಹಿಡಿ ತಿರುಗಿಸಿದ. ವಿಭೂತಿ ಅಳಿಸಿತು, ಹೂ ನೀರಿಗೆ ಬಿತ್ತು. ಟಕ್. ಟಕ್. ಟಕ್. ಆಮೇಲೆ ಎರಡೂ ಕೈ ಮೇಲೆತ್ತಿ ನಿಂತ. ಅಷ್ಟು ಸೆಳವಿನಲ್ಲೂ ದೋಣಿ ಒಂದು ಗೇಣು ಜರುಗಲಿಲ್ಲ.

ಭುಜಕ್ಕೆ ಪಟ್ಟಿ ಕಟ್ಟಿಕೊಂಡು ಕುಳಿತಿದ್ದ ಅವನಪ್ಪ ದ್ಯಾಮಪ್ಪ ಮೆಲ್ಲಗೆ ಕೇಳಿದ: "ಅಕ್ಕಾ, ಕೆಳಗಿಂದ ತಗೊ ಅಂದಾವ್ರು ಯಾರು?"

ಗೌರಕ್ಕ ತೇಲಿ ಹೋಗುತ್ತಿದ್ದ ಹೂವಿನ ಕಡೆ ಮುಖ ತಿರುಗಿಸಿದಳು.

"ಹಂಗಾರ ಕಾಲ್ಗುಣ ಯಾರದು ಅಂತೀ?"

"ಸಾಕು ಸುಮ್ಮನಿರೋ, ಮೂಳಾ!" ಎಂದವಳೇ ನಗತೊಡಗಿದಳು, ನಗುತ್ತಲೇ ಕಣ್ಣೊರೆಸಿದಳು. "ಏನವಾ, ಬಿಸಲಾಗ ಯಾಕ ನಿಂತಿ, ನೆಳ್ಳಿಗೆ ಬಾ. ಮಡಿವಾಳಪ್ಪಣ್ಣ, ಬರೂ ಐತವಾರ ಸಕ್ಕರಿ ತಗೊಂಡು ಮದವಿ ಮಾತು ಗಟ್ಟಿ ಮಾಡಾಕ ಬರ್ತೇವಿ. ಹ್ಞೂಂ ಅನ್ರಿ."

ಮಡಿವಾಳಪ್ಪ ಎಷ್ಟೋ ದಿನದ ಉಸಿರನ್ನು ಒಮ್ಮೆಲೇ ಬಿಟ್ಟ. "ಹ್ಞೂಂ."

ಸೊಂಟದವರೆಗೆ ತೊಯ್ದ ಶಿವಲಿಂಗಪ್ಪ ದಂಡೆ ಹತ್ತಿ ಬಂದ. ಹಿರಿಯರೆಲ್ಲ ಬೇಕೆಂದೇ ಹಿಂದೆ ಸರಿದರು.

"ಏನು ಒದರಿದ್ರಿ! ಆಚಿ ದಂಡಿ ದನ ಎದ್ದು ನಿಂತ್ವು."

"ಹೊಳಿ ನಿಮ್ಮನ್ನ ಒಯ್ತೈತಿ ಅನ್ನಿಸ್ತು." ಹೇಳಬಾರದೆಂದಿದ್ದ ಮಾತು ಬಾಯಿಂದ ಜಾರಿಯೇ ಹೋಯಿತು.

ಅವನು ತಮಾಷೆ ಮಾಡಲಿಲ್ಲ. ಅವಳ ಮುಖವನ್ನೇ ನೋಡಿದ. ಈ ಸಲ ಕದ್ದಲ್ಲ.

"ಅಲ್ರಿ, ಇನ್ನ ನಿಮ್ಮನ್ನ ಏನಂತ ಕರೀಲಿ?"

"ಹೆಸರಿಲ್ಲೇನು ನನಗ?"

ಸುತ್ತ ಒಮ್ಮೆ ನೋಡಿ, ಗಂಟಲು ಸರಿಮಾಡಿಕೊಂಡು ಅವನು ಕರೆದ. "ನೀಲಾ."

"ಓ," ಎಂದಳು.